ಹತ್ತನೇ ನಂಬರಿನ ಶೂ

ನನ್ನ ಫ್ಲಾಟಿನ ಬಾಗಿಲ ಹೊರಗೆ ಎರಡು ಜೊತೆ ಪಾದರಕ್ಷೆಗಳಿರುತ್ತವೆ. ಒಂದು ನನ್ನ ಚಪ್ಪಲಿ. ಹಿಮ್ಮಡಿ ಸವೆದು, ಬಲಗಡೆಯ ಪಟ್ಟಿ ಒಂದು ಸಲ ಹೊಲಿಗೆ ಕಂಡದ್ದು. ಇನ್ನೊಂದು ಗಂಡಸಿನ ಕಪ್ಪು ಶೂ, ಹತ್ತನೇ ನಂಬರಿನದು, ಹೊಚ್ಚಹೊಸತು. ಕಾರಿಡಾರಿನಲ್ಲಿ ಪಾದರಕ್ಷೆ ಇಡಕೂಡದೆಂದು ಲಿಫ್ಟಿನ ಪಕ್ಕ ಮೂರು ಭಾಷೆಗಳಲ್ಲಿ ಬರೆದು ಅಂಟಿಸಿದ್ದಾರೆ. ದುಬೈಯ ಸಿಲಿಕಾನ್ ಓಯಸಿಸ್ ಬಡಾವಣೆಯ ಈ ಕಟ್ಟಡದಲ್ಲಿ ವಾಸಿಸುವ ನಾವೆಲ್ಲ ಆ ಮೂರೂ ಭಾಷೆಗಳನ್ನು ಓದಬಲ್ಲ ವಿದ್ಯಾವಂತರಾದ್ದರಿಂದ ಯಾರೂ ಪಾಲಿಸುವುದಿಲ್ಲ.

ಆ ಶೂಗಳ ಒಡೆಯ ಯಾರೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಯಾರೂ ಇಲ್ಲ. ನಾನು ಒಬ್ಬಳೇ ಇರುವವಳು. ಈ ಫ್ಲಾಟಿಗೆ ಬಂದ ವಾರವೇ ಗಂಗೊಳ್ಳಿಯಿಂದ ಅಮ್ಮ ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದಳು. "ಗಂಡ್ಸಿನ್ ಮೆಟ್ಟ್ ಒಂದ್ ಜೊತೆ ಬಾಗ್ಲ್ ಹೊರ್ಗ್ ಇಡ್ ಮಗಾ. ಕಂಡರಿಗೆ ಒಳ್ಗ್ ಜನ ಇತ್ತ್ ಅಂದೇಳಿ ಆಯ್ಕ್." ದುಬೈಯಲ್ಲಿ ಹೆಂಗಸರಿಗೆ ಭಯವಿಲ್ಲ ಎಂದು ನಾನು ವಾದಿಸಿದೆ. ವಾದಿಸಿ, ಸಂಜೆ ಹೋಗಿ ಶೂ ಕೊಂಡುತಂದೆ. ಹತ್ತನೇ ನಂಬರೇ ಏಕೆಂದರೆ, ಇಲ್ಲದ ಗಂಡಸು ಗಿಡ್ಡನಾಗಿರಬೇಕಾದ ಕಾರಣ ನನಗೆ ಕಾಣಲಿಲ್ಲ.

ಅಮ್ಮ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನನ್ನನ್ನು ಓದಿಸಿದವಳು. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಮೊದಲು ಹೊತ್ತು ತಂದವಳು ನಾನು. ಅದೂ ಮೀನಿನದ್ದೇ, ಮೀನುಗಾರಿಕಾ ವಿಜ್ಞಾನ. ವೀಸಾಕ್ಕಾಗಿ ನಾಲ್ಕು ಕಚೇರಿಗಳ ಮುದ್ರೆ ಬಿದ್ದ ಆ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿರುವುದು ಬೇರೆಯದರಲ್ಲಿ: ಈ ಫ್ಲಾಟಿಗೆ ಬಂದ ಎರಡು ವರ್ಷಗಳಲ್ಲಿ ಅದನ್ನು ನೋಡಿದವರು ನಾನು ಮತ್ತು ಏಸಿ ರಿಪೇರಿಯವನು ಮಾತ್ರ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ನನ್ನ ಸಹಪಾಠಿ ಒಬ್ಬಳಿದ್ದಾಳೆ. ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. "ಬಾರೇ ಬಾರೇ" ಎಂದು ಅವಳೂ "ಬರ್ತೇನೆ ಬರ್ತೇನೆ" ಎಂದು ನಾನೂ ಮೂರು ವರ್ಷಗಳಿಂದ ಆ ರಸ್ತೆಯನ್ನು ಬಾಯಲ್ಲೇ ಸವೆಸುತ್ತಿದ್ದೇವೆ.

ನನ್ನ ಕೆಲಸ ಸಮುದ್ರಾಹಾರ ಆಮದು ಮಾಡುವ ಒಂದು ಕಂಪನಿಯಲ್ಲಿ, ಗುಣಮಟ್ಟ ಪರೀಕ್ಷಕಿಯಾಗಿ. ಹೊರಗೆ ನಲವತ್ತೈದು ಡಿಗ್ರಿ ಉರಿಯುವಾಗ ನಾನು ಹತ್ತಿ ತುಂಬಿದ ದಪ್ಪ ಜಾಕೆಟು ತೊಟ್ಟು, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಕೋಲ್ಡ್ ಸ್ಟೋರೇಜಿನಲ್ಲಿ ಸಿಗಡಿಯ ಪೆಟ್ಟಿಗೆಗಳನ್ನು ಒಡೆಸಿ ನೋಡುತ್ತಿರುತ್ತೇನೆ. ಹೀಗಾಗಿ, ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ಗೆ ಹೋಗಿ ಅಲ್ಲಿನ ಕಾರ್ಖಾನೆಯಲ್ಲಿ ಮೂರು ತಿಂಗಳಿದ್ದು ಸರಕು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಮ್ಯಾನೇಜರು ನನ್ನ ಜಾಕೆಟನ್ನು ನೋಡಿದರು. ಉಳಿದವರಿಗೆಲ್ಲ ಸಂಸಾರವಿತ್ತು. ಊರಿನ ಹೆಸರು ಕೇಳಿ ಅಮ್ಮ, "ಅಷ್ಟ್ ದೂರಕ್ಕೆ ನಿನ್ನ ಯಾರ್ ನೂಕಿದ್ದ್?" ಎಂದಳು. ನಾನು ನಕ್ಕೆ.

ಹೊರಡುವ ದಿನ ಸೂಟ್‌ಕೇಸು ಎಳೆದುಕೊಂಡು ಕಾರಿಡಾರಿನಲ್ಲಿ ಒಂದು ಕ್ಷಣ ನಿಂತೆ. ಹೇಳಿಹೋಗುವುದು ನಮ್ಮ ಕಡೆಯ ಪದ್ಧತಿಯಲ್ಲವೇ? ಯಾರಿಗೆ ಹೇಳುವುದು? ಪಕ್ಕದ ಫ್ಲಾಟಿನಲ್ಲಿ ಮಗ ಸೊಸೆಯ ಜೊತೆಗಿರುವ, ಶಿರ್ವದ ಕಡೆಯ ಲಿಲ್ಲಿಬಾಯಿ ಎಂಬ ಹಿರಿಯರಿದ್ದರು. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಿದ್ದೆವು, ಅಷ್ಟೇ. ಹತ್ತನೇ ನಂಬರಿನವನ ಮೂತಿಯನ್ನು ಗೋಡೆಯ ಕಡೆಗೆ ಸರಿಪಡಿಸಿ, ಮನೆ ಅವನಿಗೆ ಒಪ್ಪಿಸಿ ಹೊರಟೆ.

ನೂಕ್ ರಾಜಧಾನಿಯೆಂದರೆ ರಾಜಧಾನಿಯೇ. ಸಂಸತ್ತಿದೆ, ವಿಶ್ವವಿದ್ಯಾಲಯವಿದೆ, ಟ್ರಾಫಿಕ್ ಸಿಗ್ನಲ್ಲೂ ಇದೆ. ಆದರೆ ಅಷ್ಟೂ ಜನರನ್ನು ನಮ್ಮ ಬಡಾವಣೆಯ ಕೆಲವು ಕಟ್ಟಡಗಳಲ್ಲಿ ತುಂಬಿಸಿಬಿಡಬಹುದು. ಬಂಡೆಗಳ ಮೇಲೆ ಕೆಂಪು, ಹಳದಿ, ನೀಲಿ ಮರದ ಮನೆಗಳು. ಅವಕ್ಕೆ ಹತ್ತಲು ಮರದ ಮೆಟ್ಟಿಲುಗಳು. ಕೆಳಗೆ ಸೀಸದ ಬಣ್ಣದ ಕಡಲು. ಊರಿನ ರಸ್ತೆ ಊರಿನಲ್ಲೇ ಮುಗಿಯುತ್ತದೆ. ಬೇರೆ ಊರಿಗೆ ಹೋಗಬೇಕೆಂದರೆ ದೋಣಿ, ಇಲ್ಲವೇ ವಿಮಾನ. ಡಿಸೆಂಬರ್ ಬಂದಂತೆ ಸೂರ್ಯ ಪಾರ್ಟ್‌ಟೈಮ್ ನೌಕರನಾದ: ಹತ್ತೂವರೆಗೆ ಹಾಜರಿ, ಎರಡೂವರೆಗೆ ನಿರ್ಗಮನ. ಕೋಲ್ಡ್ ಸ್ಟೋರೇಜಿನಲ್ಲಿ ಪಳಗಿದ್ದೇನೆಂದು ಜಂಬಪಡುತ್ತಿದ್ದ ನನಗೆ ಒಂದು ವ್ಯತ್ಯಾಸ ಆಗಲೇ ತಿಳಿದದ್ದು. ಕೋಲ್ಡ್ ಸ್ಟೋರೇಜಿಗೆ ಬಾಗಿಲಿರುತ್ತದೆ, ಹೊರಗೆ ಬರಬಹುದು.

ಅಲ್ಲಿನವರು ಮಿತಭಾಷಿಗಳು. ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಪಿಪಾಲುಕ್ ಎಂಬಾಕೆಯನ್ನು ಮೊದಲ ದಿನ, "ಈ ಸಿಗಡಿ ಇವತ್ತಿನದಾ?" ಎಂದು ಕೇಳಿದೆ. ಆಕೆ ಸುಮ್ಮನೆ ನೋಡಿದಳು. ಮತ್ತೆ ಕೇಳಿದೆ. ಮತ್ತೆ ನೋಟ. ನಾಲ್ಕನೇ ಸಲ ಆಕೆ ಇಂಗ್ಲಿಷಿನಲ್ಲಿ, "ಆಗಲೇ ಮೂರು ಸಲ ಹೌದು ಅಂದೆನಲ್ಲ!" ಎಂದಳು. ಹುಬ್ಬು ಏರಿಸಿದರೆ ಹೌದು, ಮೂಗು ಮುದುರಿದರೆ ಅಲ್ಲ. ತಲೆಯನ್ನು ಅತ್ತಲೂ ಇತ್ತಲೂ ಅಲ್ಲದಂತೆ ಆಡಿಸಿ ಜಗತ್ತನ್ನೇ ಗೊಂದಲಕ್ಕೆ ದೂಡಿದ ನಾಡಿನವಳಿಗೆ ದೂರುವ ಹಕ್ಕಿರಲಿಲ್ಲ.

ಒಂದು ಭಾನುವಾರ ಪಿಪಾಲುಕ್ ಮೊಮ್ಮಗಳ ಹುಟ್ಟುಹಬ್ಬಕ್ಕೆ ಕರೆದಳು. ಇಂಥ ದಿನಗಳಲ್ಲಿ ಅಲ್ಲಿ ಮನೆಯ ಬಾಗಿಲು ತೆರೆದಿಡುತ್ತಾರೆ. ಬಂಧುಗಳು, ನೆರೆಯವರು, ಯಾರು ಬೇಕಾದರೂ ಬಂದು ಕಾಫಿ ಕುಡಿದು ಕೇಕು ತಿಂದು, ಮುಂದಿನವರಿಗೆ ಜಾಗ ಬಿಟ್ಟು ಎದ್ದುಹೋಗುತ್ತಾರೆ. ಕಾಫೆಮಿಕ್ ಎನ್ನುತ್ತಾರೆ. ಒಳಬಾಗಿಲ ಬಳಿ ರಾಶಿ ರಾಶಿ ಬೂಟುಗಳು. ಇಪ್ಪತ್ತೆರಡರವರೆಗೆ ಎಣಿಸಿ ಬಿಟ್ಟೆ. ಒಳಗೆ ಏಳು ಬಗೆಯ ಕೇಕು. "ತಗೋ" ಎಂದಳು ಪಿಪಾಲುಕ್. ನಾನು ಗಂಗೊಳ್ಳಿಯ ಸಭ್ಯತೆಯಿಂದ "ಬೇಡ" ಎಂದೆ. ಒತ್ತಾಯ ಇನ್ನೇನು ಬಂತು ಎಂದು ಕಾದೆ. ಬರಲಿಲ್ಲ. ಬೇಡವೆಂದವಳಿಗೆ ಬೇಡ ಎಂದೇ ಅವರು ಅರ್ಥಮಾಡಿಕೊಂಡಿದ್ದರು. ಜನ ಮೂರು ಸುತ್ತು ಬದಲಾದರು. "ಊಟಕ್ಕೆ ಏಳಿ" ಎನ್ನುವವರೆಗೆ ಅತಿಥಿ ಏಳಬಾರದೆಂಬ ಶಾಸ್ತ್ರದ ಪ್ರಕಾರ ನಾನು ಮಾತ್ರ ಹಸಿದ ಹೊಟ್ಟೆಯಲ್ಲಿ, ಸೋಫಾದ ಒಂದು ಅವಯವದಂತೆ ಕೂತೇ ಇದ್ದೆ.

ಕೊನೆಗೆ ಎಲ್ಲರೂ ಹೋದ ಮೇಲೆ ಪಿಪಾಲುಕ್ ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟು, ತಾನು ಬಟ್ಟಲು ತೊಳೆಯತೊಡಗಿದಳು.

"ನಿನ್ನ ಮನೆಯ ಬಾಗಿಲಲ್ಲಿ ಎಷ್ಟು ಜೊತೆ ಇರ್ತದೆ?" ಎಂದು ಕೇಳಿದಳು, ಬೂಟುಗಳಿದ್ದ ಮೂಲೆಯನ್ನು ಗದ್ದದಿಂದಲೇ ತೋರಿಸಿ.

"ಎರಡು" ಎಂದೆ.

ಆಕೆ ಸಮಾಧಾನದಿಂದ ಹುಬ್ಬು ಏರಿಸಿದಳು. "ಹಾಗಾದರೆ ಒಳ್ಳೆಯದು. ಕಾಯುವವರಿದ್ದಾರೆ."

ನಾನು ಬಟ್ಟಲು ಒರೆಸಿದೆ. ಹೇಳಿದ್ದು ಲೆಕ್ಕಕ್ಕೆ ಸುಳ್ಳಲ್ಲ. ಆದರೂ ಬಾಡಿಗೆಯ ಕೋಣೆಗೆ ಮೆಟ್ಟಿಲು ಹತ್ತುವಾಗ, ಕಿಟಕಿ ಕಿಟಕಿಗಳಲ್ಲಿ ಕ್ರಿಸ್‌ಮಸ್‌ನ ಕಿತ್ತಳೆ ಬಣ್ಣದ ನಕ್ಷತ್ರದೀಪಗಳು ಬೆಳಗುತ್ತಿದ್ದ ಆ ಮಧ್ಯಾಹ್ನದ ಕತ್ತಲಲ್ಲಿ, ಒಂದು ವಿಚಾರ ಕಾಲಿಗೆ ತೊಡರಿತು. ನಾನು ಹಿಂದಿರುಗದಿದ್ದರೆ ಕಂಪನಿ ಇಮೇಲು ಕಳಿಸೀತು, ಅಮ್ಮ ಫೋನು ಮಾಡಿಯಾಳು. ಆದರೆ ನಾನು ವಾಸಿಸುವ ಊರಿನಲ್ಲಿ, ನಾನಿಲ್ಲವೆಂಬುದು ಯಾರಿಗಾದರೂ ಗೊತ್ತಾದೀತೇ? ಅಲ್ಲಿ ನನ್ನನ್ನು ಕಾಯುತ್ತಿರುವುದು ಯಾರೂ ಮೆಟ್ಟದ ಒಂದು ಜೊತೆ ಶೂ. ದೂರ ಬಂದದ್ದರಿಂದ ಒಂಟಿಯಾದೆನೆಂದು ಅಷ್ಟು ದಿನ ತಿಳಿದಿದ್ದೆ. ಅಲ್ಲ, ಒಂಟಿತನವನ್ನು ದುಬೈಯಿಂದಲೇ ಪ್ಯಾಕು ಮಾಡಿ ತಂದಿದ್ದೆ.

ಜನವರಿಯ ಒಂದು ಬೆಳಿಗ್ಗೆ ವಾಪಸಾದೆ. ಲಿಫ್ಟಿನಿಂದ ಹೊರಬಂದು ನೋಡಿದವಳೇ ನಿಂತುಬಿಟ್ಟೆ. ಗೋಡೆಗೆ ಮುಖಮಾಡಿ ಬಿಟ್ಟುಹೋಗಿದ್ದ ಶೂಗಳು ಬಾಗಿಲಿಗೆ ಮುಖಮಾಡಿದ್ದವು. ಮೂರು ತಿಂಗಳ ಮರಳುಧೂಳು ಅವುಗಳ ಮೇಲೆ ಇರಲಿಲ್ಲ. ಎಡಗಾಲಿನದು ಬಲಗಾಲಿನದಕ್ಕೆ ಒರಗಿತ್ತು, ಈಗಷ್ಟೇ ಯಾರೋ ಕಳಚಿ ಒಳಗೆ ಹೋದಂತೆ. ನಾನು ಕಲ್ಪಿಸಿದ ಗಂಡಸು ನಾನಿಲ್ಲದಾಗ ನಿಜವಾಗಿಬಿಟ್ಟನೇ?

ಪಕ್ಕದ ಬಾಗಿಲು ತೆರೆಯಿತು. ಲಿಲ್ಲಿಬಾಯಿ.

"ಬಂದ್ಯಾ ಮಾರಾಯ್ತಿ? ಇನ್ನು ನಿನ್ನ ಗಂಡನನ್ನು ನೀನೇ ನೋಡಿಕೋ. ನಂಗೆ ಸಾಕಾಯ್ತು."

"ಯಾವ ಗಂಡ, ಲಿಲ್ಲಿಬಾಯಿ?"

"ಇವನೇ!" ಆಕೆ ಶೂಗಳ ಕಡೆ ಬೆರಳು ತೋರಿಸಿದರು. "ಎರಡು ವರ್ಷದಿಂದ ನೋಡ್ತಾ ಇದ್ದೇನೆ. ಆಫೀಸಿಗೆ ಹೋಗುದಿಲ್ಲ, ಅಂಗಡಿಗೆ ಹೋಗುದಿಲ್ಲ, ಒಂದು ಇಂಚು ಆಚೆ ಈಚೆ ಆಗುದಿಲ್ಲ. ಇಷ್ಟು ಪಾಪದ ಗಂಡಸು ಎಲ್ಲಿಯಾದರೂ ಉಂಟಾ?"

ನನ್ನ ಕಿವಿ ಬಿಸಿಯಾಯಿತು. ಎರಡು ವರ್ಷ! ಅಷ್ಟೂ ಕಾಲ ನನ್ನ ನಾಟಕಕ್ಕೆ ಒಬ್ಬ ಪ್ರೇಕ್ಷಕಿ ಇದ್ದರು. ಟಿಕೆಟು ತೆಗೆದುಕೊಂಡು, ನಗದೆ ಕೂತಿದ್ದರು.

"ಯಾರೂ ಇಲ್ಲ, ಲಿಲ್ಲಿಬಾಯಿ. ನಾನೊಬ್ಬಳೇ" ಎಂದೆ. ಈ ಊರಿನಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಅದು ಗೊತ್ತುಂಟಲ್ಲ. ಬೆಳಿಗ್ಗೆ ಐದೂವರೆಗೆ ನಿನ್ನ ಬಚ್ಚಲಿನ ನೀರಿನ ಸದ್ದು ಗೋಡೆಯಲ್ಲಿ ಕೇಳ್ತದೆ. ನಾನು ಏಳುದೇ ಅದಕ್ಕೆ. ಒಂದು ದಿನ ನಿಂತುಹೋಯ್ತು. ನಾಲ್ಕು ದಿನ ನೋಡಿ ಮಗನನ್ನು ಕೆಳಗೆ ವಾಚ್‌ಮ್ಯಾನ್ ಹತ್ರ ಓಡಿಸಿದೆ. ಪೆಟ್ಟಿಗೆ ಹಿಡ್ಕೊಂಡು ಹೋಗಿದ್ದಾರೆ ಅಂದ. ಮನೆ ಖಾಲಿ ಅಂತ ಕಾಣ್ಬಾರ್ದಲ್ಲ? ಅದಕ್ಕೆ ದಿನಾ ವಾಕಿಂಗ್ ಹೋಗುವಾಗ ಇವನನ್ನು ಹೊರಗೆ ತಿರುಗಿಸಿದ್ದು, ಬರುವಾಗ ಒಳಗೆ ತಿರುಗಿಸಿದ್ದು. ಶುಕ್ರವಾರ ಒರೆಸಿದ್ದೂ ಉಂಟು." ಆಮೇಲೆ ದನಿ ತಗ್ಗಿಸಿ, "ಹೇಳಿ ಹೋಗ್ಬಾರ್ದಾ?" ಎಂದರು.

ನಾನು ಹುಬ್ಬು ಏರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ತಮ್ಮ ಮನೆಯೊಳಗೆ ಹೋಗಿ ಒಂದು ಪಾತ್ರೆ ತುಂಬ 'ಸಣ್ಣ' ಎಂಬ ಅಕ್ಕಿಯ ಇಡ್ಲಿ, ಮೇಲೊಂದು ಬಟ್ಟಲು ಕೋಳಿ ಸಾರು ತಂದರು. ಬಾಗಿಲ ಬೀಗ ತೆಗೆಯುತ್ತಾ ಅಭ್ಯಾಸಬಲದಿಂದ "ಬೇಡ" ಎಂದೆ.

"ಬೇಕಾ ಬೇಡ್ವಾ ಅಂತ ನಿನ್ನನ್ನು ಯಾರು ಕೇಳಿದ್ದು? ಹಿಡಿ!"

ಪಾತ್ರೆ ನನ್ನ ಕೈಯಲ್ಲಿಟ್ಟು, ಚಪ್ಪಲಿ ಹೊರಗೆ ಬಿಟ್ಟು, ನನಗಿಂತ ಮೊದಲು ಅವರೇ ಮನೆಯೊಳಗೆ ನಡೆದರು. ಗೋಡೆಯ ಮೇಲಿನ ಪ್ರಮಾಣಪತ್ರದ ಎದುರು ಕನ್ನಡಕ ಏರಿಸಿಕೊಂಡು ನಿಂತು, ನಾಲ್ಕೂ ಮುದ್ರೆಗಳನ್ನು ಒಂದೊಂದಾಗಿ ನೋಡಿದರು.

ನನ್ನ ಬಾಗಿಲ ಹೊರಗೆ ಈಗಲೂ ಎರಡು ಜೊತೆ ಪಾದರಕ್ಷೆಗಳಿರುತ್ತವೆ. ಕೆಲವು ಸಂಜೆ ಮೂರು. ಹತ್ತನೇ ನಂಬರಿನವನನ್ನು ಎಸೆದುಬಿಡೋಣವೆಂದುಕೊಂಡೆ, ಮನಸ್ಸಾಗಲಿಲ್ಲ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವನ ಮೂತಿ ಲಿಫ್ಟಿನ ಕಡೆಗಿರುತ್ತದೆ, ಸಂಜೆ ಬರುವಾಗ ಬಾಗಿಲ ಕಡೆಗೆ. ನಾನು ಮುಟ್ಟಿರುವುದಿಲ್ಲ.