ದನಿ ಹೋದ ಮೇಲಿನ ವಿಜ್ಞಾನ ತರಗತಿ

ಸೇಡಂ ತಾಲ್ಲೂಕಿನ ನಮ್ಮ ಪ್ರೌಢಶಾಲೆಗೆ ಕಂಪ್ಯೂಟರು, ಪ್ರೊಜೆಕ್ಟರು ಬಂದಾಗ ಶಿಕ್ಷಕರಲ್ಲಿ ಹೆಚ್ಚು ಖುಷಿಪಟ್ಟವಳು ನಾನೇ. ನಾನು ಗಣಿತ ಕಲಿಸುತ್ತೇನೆ. ವಿಜ್ಞಾನದ ಹಿರಿಯ ಟೀಚರ್ ಮಾತ್ರ ಅದನ್ನು ಮುಟ್ಟಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಅವರ ದನಿ ಅಂಗಳ ದಾಟಿ ನನ್ನ ತರಗತಿಗೂ ಬರುತ್ತಿತ್ತು. ಹೃದಯದ ಪಾಠವಿದ್ದ ದಿನ ನನ್ನ ಮಕ್ಕಳೂ ಲೆಕ್ಕ ಬಿಟ್ಟು ಅತ್ತ ಕಿವಿಗೊಡುತ್ತಿದ್ದರು.

ಆಮೇಲೆ ಅವರ ಗಂಟಲಲ್ಲಿ ಗಡ್ಡೆ ಬೆಳೆಯಿತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ರಜೆ ಮುಗಿಸಿ ಬಂದ ದಿನ ನನ್ನ ಕಿವಿಯ ಹತ್ತಿರ ಬಾಗಿ, "ಆ ಕಂಪ್ಯೂಟರ್ ನನಗ ಕಲಿಸ್ರಿ," ಎಂದು ಪಿಸುಗುಟ್ಟಿದರು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂರುತ್ತಿದ್ದೆವು. ಹಟ ಹಿಡಿದು ಕನ್ನಡ ಟೈಪಿಂಗ್ ಕಲಿತರು. ಮನೆಯಲ್ಲಿ ಪಾಠ ಟೈಪ್ ಮಾಡಿಕೊಂಡು ಬಂದು ಕಂಪ್ಯೂಟರಿನ ದನಿಯಲ್ಲಿ ಓದಿಸತೊಡಗಿದರು. ಕೆಲವು ವಾರ ನಡೆಯಿತು. ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕಿತ್ತು. ಉತ್ತರ ಬರುವಷ್ಟರಲ್ಲಿ ಕೇಳಿದವಳು ಪಕ್ಕದವಳ ಜೊತೆ ಮಾತಿಗಿಳಿದಿರುತ್ತಿದ್ದಳು. ಬರಬರುತ್ತ ಪ್ರಶ್ನೆಗಳು ನಿಂತವು, ಗದ್ದಲ ಹೆಚ್ಚಿತು. ಹೆಡ್‌ಮಾಸ್ಟರ್ ಬಂದು, ಇಷ್ಟೆಲ್ಲ ಒದ್ದಾಟ ಯಾಕೆ, ತಯಾರಾದ ವಿಡಿಯೊಗಳೇ ಇವೆ, ಹಚ್ಚಿ ಕೂತುಬಿಡಿ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಅವರು ಹಾಗೇ ಮಾಡಿದರು. ವಿಡಿಯೊ ಹಚ್ಚಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂರುತ್ತಿದ್ದರು. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ನನ್ನನ್ನೇ ನೋಡುತ್ತ ಪಿಸುದನಿಯಲ್ಲಿ ಕೇಳಿದರು: "ವಿಡಿಯೊ ಹಚ್ಚಲಿಕ್ಕ ನಾ ಯಾಕ ಬೇಕ್ರಿ?"

ಹಾಗನ್ನಬೇಡಿ ಎಂದೆ.

ಆ ವರ್ಷವೇ ಸ್ವಯಂ ನಿವೃತ್ತಿ ತೆಗೆದುಕೊಂಡು ಶಹಾಬಾದಿನ ತಮ್ಮನ ಮನೆ ಸೇರಿದರು. ನಾನು ಫೋನ್ ಮಾಡಿದರೆ ತಮ್ಮನ ಹೆಂಡತಿ ಎತ್ತಿಕೊಂಡು, ಅಕ್ಕ ಆರಾಮಾಗಿದ್ದಾರೆ ಎಂದು ಹೇಳಿ ಇಟ್ಟುಬಿಡುತ್ತಾರೆ.

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಇಲಾಖೆಯವರನ್ನು ಕೇಳಿದರೆ, ಹೇಗೂ ವಿಡಿಯೊ ಇವೆಯಲ್ಲ, ಸದ್ಯ ನಡೆಸಿ ಎನ್ನುತ್ತಾರೆ. ಅದನ್ನು ಹಚ್ಚುವ ಕೆಲಸ ಈಗ ನನ್ನದು, ಆರಿಸುವುದು ಮಕ್ಕಳದು. ಮೊನ್ನೆ ಹಚ್ಚಿಟ್ಟು ಅಂಗಳದಾಚೆಯ ನನ್ನ ತರಗತಿಗೆ ಹೋದೆ. ಪಾಠ ಮುಗಿಸಿ ಬಂದು ನೋಡಿದರೆ ಪರದೆಯ ಮೇಲೆ ಮೊದಲ ಚಿತ್ರವೇ ನಿಂತುಬಿಟ್ಟಿತ್ತು. ಮಕ್ಕಳು ಸುಮ್ಮನೆ ಅದನ್ನು ನೋಡುತ್ತ ಕುಳಿತಿದ್ದರು. ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ದಿನಾ ಹಿಂಗೇ ನಿಲ್ತದ್ರಿ ಟೀಚರ್."