ಕಾಡುಪಾಪದ ಎಡಗಣ್ಣು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಮೊದಲೆಲ್ಲ ನಕ್ಕು ಎದ್ದು ಹೋಗುತ್ತಿದ್ದೆ. ನೀವೂ ಹಾಗೆಯೇ ಮಾಡಿದರೆ ನನಗೇನೂ ಬೇಸರವಿಲ್ಲ. ನಂಬಿಸುವಷ್ಟು ತ್ರಾಣ ಈಗ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಬಸವನಗುಡಿಯ ಹಳೆಯ ಕಾಲೇಜೊಂದರ ಪ್ರಾಣಿಶಾಸ್ತ್ರದ ಮ್ಯೂಸಿಯಂಗೆ ಹೋಗಿ, ಗಾಜಿನ ಬೀರುಗಳಲ್ಲಿದ್ದ ಸತ್ತ ಪ್ರಾಣಿಗಳನ್ನು ನೋಡಿ ಚಿತ್ರ ಬರೆಯುತ್ತಿದ್ದೆ. ಅಲ್ಲೊಂದು ಕಾಡುಪಾಪವಿತ್ತು. ಹತ್ತಿ ತುಂಬಿಸಿಟ್ಟ, ದೊಡ್ಡ ಕಣ್ಣಿನ ಪುಟ್ಟ ಜೀವ. ಬಲಗಣ್ಣಿಗೆ ಗಾಜಿನ ಗೋಲಿ ಇತ್ತು. ಎಡಗಣ್ಣಿನದು ಎಲ್ಲೋ ಬಿದ್ದುಹೋಗಿ, ಗುಳಿಯಿಂದ ಹತ್ತಿ ಇಣುಕುತ್ತಿತ್ತು. ಅಯ್ಯೋ ಪಾಪ ಅನ್ನಿಸಿ, ನನ್ನ ಚಿತ್ರದಲ್ಲಾದರೂ ಎರಡೂ ಕಣ್ಣು ಕೊಡೋಣ ಎಂದುಕೊಂಡೆ.

ಶಂಕರಪುರಂನ ನಮ್ಮ ಮನೆಯಲ್ಲಿ ಇದ್ದದ್ದು ನಾನು ಮತ್ತು ಅಮ್ಮ ಇಬ್ಬರೇ. ಪಾರ್ಶ್ವವಾಯು ಬಡಿದ ಮೇಲೆ ಅಮ್ಮ ಮಾತಾಡಿರಲಿಲ್ಲ, ಯಾರನ್ನೂ ಗುರುತಿಸಿರಲಿಲ್ಲ. ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಬಟ್ಟೆ ಒಗೆದು ನನ್ನ ಸೊಂಟ ಬಿದ್ದುಹೋಗಿತ್ತು. ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಲಿ, ಸಾಕು ಎಂದು ಕಾಯುತ್ತಿದ್ದೆ.

ದೇವರ ಪಟ ಬರೆಯುತ್ತಿದ್ದ ಅಪ್ಪ, ಕಣ್ಣನ್ನು ಕೊನೆಗೆ ಬರೆಯುತ್ತಿದ್ದರು, ಪಟದ ಎದುರಿಗೆ ಕನ್ನಡಿ ಇಟ್ಟು. ಹೊಸ ಕಣ್ಣಿನ ಮೊದಲ ನೋಟ ಮನೆಯವರ ಮೇಲೆ ಬೀಳಬಾರದಂತೆ. ನನ್ನದು ಕಾಡುಪಾಪ, ದೇವರಲ್ಲವಲ್ಲ! ಒಂದು ಮಧ್ಯಾಹ್ನ, ಮನೆಗೆ ತಂದಿದ್ದ ಆ ಚಿತ್ರವನ್ನು ಬೆಳಕು ಸಿಗಲೆಂದು ಅಮ್ಮನ ಮಂಚದ ಎದುರಿಗೇ ಒರಗಿಸಿಕೊಂಡು ಎಡಗಣ್ಣಿಗೆ ಕೊನೆಯ ಚುಕ್ಕೆ ಇಟ್ಟೆ.

ಬೆನ್ನ ಹಿಂದಿನಿಂದ ಅಮ್ಮನ ದನಿ ಬಂತು.

"ಎಡಗಣ್ಣಲ್ಲಿ ಹತ್ತಿ ಯಾಕೆ ತುರುಕಿದಾರೆ? ನೋಯಲ್ವಾ ಅದಕ್ಕೆ?"

ಚಿತ್ರದಲ್ಲಿ ಹತ್ತಿ ಇರಲಿಲ್ಲ. ಆ ಮ್ಯೂಸಿಯಂಗೆ ಅಮ್ಮ ಕಾಲಿಟ್ಟವಳೂ ಅಲ್ಲ. ಅದೆಲ್ಲ ಆಮೇಲೆ ಹೊಳೆದದ್ದು. ಆಗ ಮಾತ್ರ ಓಡಿಹೋಗಿ, ಅವಳ ಮುಖದ ಹತ್ತಿರ ಬಗ್ಗಿ, "ಅಮ್ಮಾ, ನಾನ್ಯಾರು ಹೇಳು" ಎಂದೆ. ಅವಳ ನೋಟ ನನ್ನ ಭುಜ ದಾಟಿ ಚಿತ್ರದ ಮೇಲೆಯೇ ಇತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದಳು. ಮತ್ತೆ ಮಾತಾಡಲಿಲ್ಲ. ಆ ವಾರವೇ ಹೋಗಿಬಿಟ್ಟಳು.

ಬರೆಯುವಾಗ ನೀನೇ ಏನೋ ಗೊಣಗಿರುತ್ತೀಯ, ಅದನ್ನು ನಿಮ್ಮಮ್ಮ ಕೇಳಿಸಿಕೊಂಡಿರುತ್ತಾರೆ ಎನ್ನುತ್ತಾಳೆ ನನ್ನ ಗೆಳತಿ. ಇದ್ದರೂ ಇರಬಹುದು, ನನಗೆ ನೆನಪಿಲ್ಲ. ಉಳಿದವರೆಲ್ಲ ಆ ಹತ್ತಿ ಅವಳಿಗೆ ಹೇಗೆ ಕಂಡಿತು ಎಂದು ಕೇಳುತ್ತಾರೆ. ಅದೂ ಗೊತ್ತಿಲ್ಲ. ಅದನ್ನು ಕಂಡವಳಿಗೆ, ಕಣ್ಣೆದುರಿಗೇ ಇದ್ದ ನಾನೇಕೆ ಕಾಣಲಿಲ್ಲ?