ಪಿಂಗಾಣಿಯೊಳಗಿನ ಅಲೆ

ಆಂಟೆನಾ ತಯಾರಿಸುವ ಆ ಸಣ್ಣ ಕಂಪನಿಯಲ್ಲಿ ಜಾಲರಿ ಅಕ್ಕನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ, ಅವಳ ಓರಗಿತ್ತಿಯೊಬ್ಬಳನ್ನು ಬಿಟ್ಟು. ಆ ಓರಗಿತ್ತಿಯನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ಮೈದುನನ ಹೆಂಡತಿ ಮನೆಯಲ್ಲಿ ಕೂತು ಅತ್ತೆಯ ಕಿವಿ ಕಚ್ಚುವುದಕ್ಕಿಂತ ಕಣ್ಣೆದುರು ದುಡಿಯಲಿ ಎಂದುಕೊಂಡಿದ್ದಳು.

"ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ನೋಡಿ" ಎಂದು ಈಗ ದಿನವೂ ಗಂಡನೆದುರು ಗೊಣಗುತ್ತಿದ್ದಳು.

"ನೂರು ಜುಟ್ಟು ಸೇರಬಹುದು, ಎರಡು ಜಡೆ ಸೇರಲ್ಲ" ಎಂದು ಹೇಳಿ ಅವನು ಬೈಸಿಕೊಳ್ಳುತ್ತಿದ್ದ.

ಕೆಲಸಕ್ಕೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಓಡಿಸುವವಳು ಅಕ್ಕ, ಹಿಂದೆ ಕಿರಿಯವಳು, ನಡುವೆ ಗೋಡೆಯಂತೆ ಊಟದ ಚೀಲ.

ಅಕ್ಕನಿಗೆ ಜಾಲರಿ ಎಂಬ ಹೆಸರು ಬಂದದ್ದು ಕೆಲಸದಿಂದಲೇ. ಆಂಟೆನಾ ತಯಾರಾಗುವ ಮೊದಲು ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಕಣ್ಣುಗಳ ಜಾಲರಿಯಾಗಿ ಹೆಣೆದು, ಅದು ಯಾವ ಅಲೆಯನ್ನು ಹಿಡಿಯುತ್ತದೆಂದು ಲೆಕ್ಕ ಹಾಕಿಸಬೇಕು. ಉತ್ತರ ಒಂದು ಗೆರೆಯಾಗಿ ಬರುತ್ತದೆ, ಹಿಡಿಯುವ ಅಲೆ ಇರುವಲ್ಲಿ ಗೆರೆ ಕೆಳಗಿಳಿಯುತ್ತದೆ. ಮೆಶ್ ಎನ್ನುತ್ತಾರೆ ಅದಕ್ಕೆ. ಒಂದು ಅಲೆಯ ಉದ್ದಕ್ಕೆ ಹತ್ತು ಕಣ್ಣಾದರೂ ಬೇಕು. ಕಣ್ಣು ದೊಡ್ಡದಾದರೆ ಅಲೆ ನುಸುಳಿಹೋಗುತ್ತದೆ. ಕಂಪ್ಯೂಟರು ಆಗಲೂ ಸುಮ್ಮನಿರುವುದಿಲ್ಲ, ಸುಳ್ಳು ಗೆರೆಯನ್ನೇ ನೀಟಾಗಿ ಎಳೆದು ತೋರಿಸುತ್ತದೆ. ಕಣ್ಣು ಸಣ್ಣದಾದಷ್ಟೂ ಲೆಕ್ಕ ನಿಜ, ಕಾಯುವುದೂ ಜಾಸ್ತಿ.

ಆ ಕಾಯುವಿಕೆಯನ್ನೇ ಕಿರಿಯವಳು ಹಿಡಿದುಕೊಂಡಳು. ತಯಾರಾದ ಆಂಟೆನಾವನ್ನು ಅಳೆಯುವುದು ಅವಳ ಕೆಲಸ. ಅಲೆ ಬಡಿದು ಮರಳದಂತೆ ನೀಲಿ ಸ್ಪಂಜಿನ ಮುಳ್ಳುಗಳನ್ನು ನಾಲ್ಕೂ ಗೋಡೆಗೆ ಅಂಟಿಸಿದ ಕೋಣೆ ಅವಳದು. ಅದರ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ, "ಅಕ್ಕನ ಕಂಪ್ಯೂಟರಿಗೆ ಹೆರಿಗೆ ನೋವು ಶುರುವಾಗಿದೆ, ತೊಟ್ಟಿಲು ರೆಡಿ ಮಾಡ್ರಪ್ಪಾ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ಆ ನಗು ಅಕ್ಕನಿಗೆ ನಾಟಿತು. ಬೆಂಕಿ ಬಿದ್ದರೆ ಕೂಗಿ ಎಚ್ಚರಿಸುವ ಯಂತ್ರಕ್ಕೆ ಹೊಸ ಆಂಟೆನಾ ಬೇಕಿತ್ತು, ಪಿಂಗಾಣಿಯ ಬಿಲ್ಲೆಯ ಮೇಲೆ ಕೂರಿಸಿದ್ದು. ಗಾಳಿಯಲ್ಲಿ ಉದ್ದವಾಗಿ ಸಾಗುವ ಅಲೆ ಪಿಂಗಾಣಿಯೊಳಗೆ ಮೋಟಾಗುತ್ತದೆ. ಅಲ್ಲಿ ಕಣ್ಣೂ ಅಷ್ಟೇ ಸಣ್ಣದಿರಬೇಕು. ಅದನ್ನು ಕಂಪ್ಯೂಟರು ತಾನಾಗಿ ನೋಡಿಕೊಳ್ಳಲೆಂದು ಪರದೆಯ ಒಂದು ಚೌಕದಲ್ಲಿ ಟಿಕ್ ಗುರುತಿತ್ತು. ಬೇಗ ಮುಗಿಯಲೆಂದು ಅಕ್ಕ ಅದನ್ನು ತೆಗೆದಳು. ಪಿಂಗಾಣಿಯೊಳಗೂ ಗಾಳಿಯ ಅಲೆಗೆ ತಕ್ಕ ದೊಡ್ಡ ಕಣ್ಣುಗಳೇ ಬಿದ್ದವು. ಊಟಕ್ಕೆ ಮುಂಚೆ ಗೆರೆ ಬಂತು. ಅದನ್ನು ತಂದು ಓರಗಿತ್ತಿಯ ಮೇಜಿನ ಮೇಲೆ ಬಿಸಾಕಿ, "ತಗೋ, ಮಗು ಹುಟ್ತು" ಎಂದಳು. ಆ ಗೆಲುವಿನಲ್ಲಿ ತೆಗೆದ ಗುರುತು ಮರೆತೇಹೋಯಿತು.

ಆಂಟೆನಾ ತಯಾರಾಗಿ ಬಂತು, ಕಿರಿಯವಳು ಅಳೆದಳು. ಅಕ್ಕನ ಗೆರೆ ಎಲ್ಲಿ ಕೆಳಗಿಳಿದಿತ್ತೋ ಅಲ್ಲಿ ಅಳತೆಯ ಗೆರೆ ಇಳಿಯಲಿಲ್ಲ, ಬಹಳ ಎಡಕ್ಕೆ ಸರಿದು ಇಳಿಯಿತು. ಮತ್ತೆ ಅಳೆದಳು, ಅಲ್ಲೇ.

"ಕೈ ನಡುಗೋರನ್ನ ಅಳತೆಗೆ ಕೂರಿಸಿದ್ರೆ ಇನ್ನೇನಾಗುತ್ತೆ?" ಎಂದಳು ಅಕ್ಕ, ಊಟದ ಕೋಣೆ ತುಂಬಿರುವಾಗ.

ಕಿರಿಯವಳ ಮುಖ ಕೆಂಪಾಯಿತು. "ನನ್ನ ಕೈ ನೆಟ್ಟಗಿದೆ. ನಿಮ್ಮ ನಾಲಿಗೆ ನೋಡ್ಕೊಳ್ಳಿ."

ಕಂಪನಿಯ ಯಜಮಾನರಿಗೆ ಅಕ್ಕನ ಮೇಲೆ ಹಳೆಯ ನಂಬಿಕೆ. "ಗುರುವಾರದೊಳಗೆ ಇತ್ಯರ್ಥ ಆಗ್ಬೇಕು. ಅಳತೆ ತಪ್ಪಾಗಿದ್ರೆ ಆ ಕೋಣೆಗೆ ಬೇರೆಯವರನ್ನ ಹುಡುಕ್ತೀನಿ" ಎಂದರು.

ಓರಗಿತ್ತಿಯ ಬಾಯಿ ಪೂರ್ತಿ ಮುಚ್ಚಿಸಲೆಂದೇ ಅಕ್ಕ ಇನ್ನೊಮ್ಮೆ ಲೆಕ್ಕಕ್ಕೆ ಕೂತಳು. ಈ ಸಲ ಯಾರೂ ಬೆರಳು ತೋರಿಸಬಾರದೆಂದು ಎಲ್ಲವನ್ನೂ ಮೊದಲಿನಿಂದ ನೋಡುತ್ತ ಬಂದಳು. ಗುರುತಿಲ್ಲದ ಆ ಚೌಕ ಕಣ್ಣಿಗೆ ಬಿತ್ತು. ತಾನೇ ತೆಗೆದದ್ದು ನೆನಪಾಯಿತು. ಗುರುತು ಹಾಕಿ ಲೆಕ್ಕ ಓಡಿಸಿದಳು. ಪಿಂಗಾಣಿಯ ಮೇಲೆ ಜಾಲರಿ ಇರುವೆ ಮುತ್ತಿದ ಹಾಗೆ ಕಪ್ಪಾಯಿತು. ಮೆಶ್ ಸಣ್ಣದಾದ ಹಾಗೆಲ್ಲ ಗೆರೆ ಎಡಕ್ಕೆ ಜಾರಿತು, ಕೊನೆಗೆ ಕಿರಿಯವಳ ಗೆರೆಯ ಮೇಲೆಯೇ ಹೋಗಿ ಕೂತಿತು.

ಕಂಪ್ಯೂಟರಿನ ಆ ಕಿಟಕಿ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆ ಹೆಣ್ಣು ಮನೆಗೆ ಹೋಗುತ್ತದೆ, ನೆಮ್ಮದಿ. ಅಕ್ಕ ಇದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಬೆರಳು ಮೌಸಿನ ಮೇಲೆಯೇ ಇತ್ತು. ಆದರೆ ಬೆಳಿಗ್ಗೆ ದೇವರೆದುರು ಕೈ ಮುಗಿಯುವವಳು ಅವಳು. ನಾಳೆ ಏನೆಂದು ಕೈ ಮುಗಿಯುವುದು?

ಯಜಮಾನರ ಬಾಗಿಲು ತಳ್ಳಿದಳು. ಕಿರಿಯವಳು ಅಲ್ಲೇ ನಿಂತಿದ್ದಳು.

"ಅವಳ ಅಳತೆ ಸರಿ. ಮೆಶ್ ನಾನೇ ದೊಡ್ಡದು ಮಾಡಿದ್ದೆ. ತಪ್ಪು ನಂದು."

ಯಜಮಾನರು ಬಾಯಿ ತೆರೆಯುವ ಮೊದಲೇ ಕಿರಿಯವಳು, "ಕೈ ನಡುಗುತ್ತೆ ಅಂದಿದ್ದು ಎಲ್ಲರ ಮುಂದೆ. ಇದನ್ನ ಮಾತ್ರ ಬಾಗಿಲು ಹಾಕ್ಕೊಂಡು ಹೇಳ್ತೀರಾ ಅಕ್ಕಾ?" ಎಂದಳು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಅಕ್ಕ ಎದ್ದು ನಿಂತು ಅದೇ ಮಾತು ಹೇಳಿದಳು, ಬೈಯುವ ದನಿಯಲ್ಲೇ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇನ್ಮೇಲೆ ಮೆಶ್ ನನಗೆ ತೋರಿಸಿ ಓಡಿಸಿ" ಎಂದಳು ಕಿರಿಯವಳು.

"ನಿನಗೇನು ಗೊತ್ತಾಗುತ್ತೆ ಅದ್ರಲ್ಲಿ? ನೋಡಲೇಬೇಕಂದ್ರೆ ಬಂದು ಪಕ್ಕದಲ್ಲಿ ಕೂತು ಕಲಿ."

"ನಿಮ್ಮ ಪಕ್ಕ ಕೂರಲ್ಲ. ನಿಂತೇ ನೋಡ್ತೀನಿ."

ಊಟವಾಗಿ ಅಕ್ಕ ಕಂಪ್ಯೂಟರಿನ ಮುಂದೆ ಕೂತಾಗ ಕಿರಿಯವಳು ಕೈ ಕಟ್ಟಿಕೊಂಡು ಕುರ್ಚಿಯ ಹಿಂದೆ ನಿಂತಳು. ಅಕ್ಕ ತಿರುಗಿ ನೋಡಲಿಲ್ಲ. ಆದರೆ ಪರದೆಯನ್ನು ಸ್ವಲ್ಪ ಓರೆ ಮಾಡಿ, ನಿಂತವಳಿಗೂ ಕಾಣುವಂತೆ, ಪಿಂಗಾಣಿಯ ಮೂಲೆಯಿಂದ ಜಾಲರಿ ಹೆಣೆಯಲು ಶುರುಮಾಡಿದಳು.